ಮೈ ಎಲ್ಲರದು, ಮುಖ ಮಾತ್ರ ನಮ್ಮದು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ನಿಮ್ಮ ಮನೆಯಲ್ಲಿ ನಡೆಯುವ ಗಡಿಬಿಡಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮಾಟುಂಗದ ಬಾಡಿಗೆ ಮನೆಯಾಗಲಿ, ದೆಹಲಿಯ ಸರ್ಕಾರಿ ಕ್ವಾರ್ಟರ್ಸ್ ಆಗಲಿ, ಕೆಲಸ ಒಂದೇ. ಚೊಂಬಿಗೆ ಅಕ್ಕಿ ತುಂಬಬೇಕು, ವೀಳ್ಯದೆಲೆ ಜೋಡಿಸಬೇಕು, ಅರಿಶಿನ ಹಚ್ಚಿದ ತೆಂಗಿನಕಾಯಿ ಕೂರಿಸಬೇಕು, ನೆರಿಗೆ ಹಿಡಿದು ಸೀರೆ ಉಡಿಸಬೇಕು. ಇಷ್ಟೆಲ್ಲ ಆದಮೇಲೂ ಅದು ಚೊಂಬು, ಕಾಯಿ, ಸೀರೆಯೇ. ಕೊನೆಗೆ ಅಮ್ಮ ಬಟ್ಟೆಯಲ್ಲಿ ಸುತ್ತಿಟ್ಟ ಬೆಳ್ಳಿ ಮುಖವನ್ನು ತೆಗೆದು ಕಾಯಿಗೆ ಕಟ್ಟುತ್ತಾರೆ ನೋಡಿ, ಆ ಕ್ಷಣಕ್ಕೆ ದೇವಿ ಮನೆಗೆ ಬಂದಂತೆ! ಅಲ್ಲಿಯವರೆಗೆ ಕೂಗಾಡುತ್ತಿದ್ದ ಮಕ್ಕಳೂ ದನಿ ತಗ್ಗಿಸುತ್ತಾರೆ.

ಮೈ ಯಾವುದಾದರೂ ನಡೆದೀತು, ಗುರುತು ಮಾತ್ರ ಮುಖದಲ್ಲೇ ಇದೆ. ಈ ಮಾತು ನೆನಪಿರಲಿ. ಈ ಸಲ ನಿಮಗೆ ಹೇಳಹೊರಟಿರುವುದು ದೇವರ ಮುಖದ ಕಥೆಯಲ್ಲ, ಆಟಿಕೆಯ ಮುಖದ ಕಥೆ. ಕೈಕಾಲು, ಸೊಂಟ, ಕತ್ತು ಎಲ್ಲವನ್ನೂ ತಿರುಗಿಸಬಹುದಾದ ಸೈನಿಕರ, ಸಾಹಸಿಗರ ಗೊಂಬೆಗಳನ್ನು ನೀವು ನೋಡಿಯೇ ಇರುತ್ತೀರಿ. ಅವುಗಳಿಗೆ ಆ್ಯಕ್ಷನ್ ಫಿಗರ್ ಎಂದು ಹೆಸರು. ಅಂಗಡಿಯಿಂದ ತಂದ ಇಂಥ ಗೊಂಬೆಯ ತಲೆಯನ್ನು ಕಿತ್ತು, ತಾವೇ ಮಣ್ಣಿನಲ್ಲಿ ತಿದ್ದಿದ ಪುಟ್ಟ ತಲೆಯೊಂದನ್ನು ಆ ಜಾಗದಲ್ಲಿ ಕೂರಿಸುವ ಹವ್ಯಾಸಿಗಳು ಪ್ರಪಂಚದ ತುಂಬ ಇದ್ದಾರೆ. ದೊಡ್ಡವರಿಗೆ ಇದೇನು ಮಕ್ಕಳಾಟ ಎಂದು ನಗುವ ಮುನ್ನ ಸ್ವಲ್ಪ ತಾಳಿ. ಯಾರ ಮುಖಕ್ಕೆ ಕಾರ್ಖಾನೆಯಲ್ಲಿ ಅಚ್ಚು ಸಿಗುತ್ತದೆ, ಯಾರ ಮುಖಕ್ಕೆ ಸಿಗುವುದಿಲ್ಲ ಎಂಬ ಪ್ರಶ್ನೆ ಈ ಆಟದೊಳಗೆ ಅಡಗಿದೆ.

ಆಲೂಗಡ್ಡೆ ತಲೆಯಿಂದ ಆರಂಭ

ಕಥೆ ಶುರುವಾಗುವುದು ಒಬ್ಬ ತಾಯಿಯಿಂದ. 1905ರಲ್ಲಿ ಕೇಟೆ ಕ್ರೂಸೆ ಎಂಬ ಜರ್ಮನ್ ಮಹಿಳೆಯ ಪುಟ್ಟ ಮಗಳು ತನಗೊಂದು ಗೊಂಬೆ ಬೇಕೆಂದು ಹಟ ಹಿಡಿದಳು. ಮಗುವಿನ ತಂದೆ ಮ್ಯಾಕ್ಸ್ ಕ್ರೂಸೆ ಹೆಸರಾಂತ ಶಿಲ್ಪಿ. ಬರ್ಲಿನ್ನಿನ ಅಂಗಡಿಗಳ ಗೊಂಬೆಗಳು ಅವರ ಕಣ್ಣಿಗೆ ವಿಕಾರವಾಗಿ ಕಂಡವು. ಕೊಳ್ಳುವುದಿಲ್ಲ, ಬೇಕಾದರೆ ನೀನೇ ಮಾಡಿಕೊ ಎಂದು ಕೇಟೆಗೆ ತಿಳಿಸಿಬಿಟ್ಟರು. ಕೇಟೆ ಟವೆಲ್ಲೊಂದಕ್ಕೆ ಮರಳು ತುಂಬಿ ಮೈ ಮಾಡಿದರು. ತಲೆಗೆ? ಒಂದು ಆಲೂಗಡ್ಡೆ! ಸುಟ್ಟ ಬೆಂಕಿಕಡ್ಡಿಯಿಂದ ಕಣ್ಣು, ಮೂಗು ಬರೆದರು. ಮಗಳಿಗೆ ಅದೇ ಪ್ರಾಣವಾಯಿತು.

ಆಲೂಗಡ್ಡೆ ಎಷ್ಟು ದಿನ ಬಾಳೀತು ಹೇಳಿ? ಒಳ್ಳೆಯ ತಲೆ ಮಾಡುವುದು ಹೇಗೆಂಬ ಹುಡುಕಾಟ ಅಲ್ಲಿಂದಲೇ ಶುರುವಾಯಿತು. 1910ರಲ್ಲಿ ಬರ್ಲಿನ್ನಿನ ಟೀಟ್ಸ್ ಮಳಿಗೆಯಲ್ಲಿ ಮನೆಯಲ್ಲೇ ಮಾಡಿದ ಆಟಿಕೆಗಳ ಪ್ರದರ್ಶನ ನಡೆದಾಗ ಕೇಟೆಯ ಗೊಂಬೆಗಳು ಜನರ ಮನಸ್ಸು ಸೆಳೆದವು. ಮುಂದೆ ಬಾಡ್ ಕ್ಯೋಸೆನ್ ಎಂಬ ಊರಿನಲ್ಲಿ ಅವರ ಕಾರ್ಯಾಗಾರವೇ ಬೆಳೆಯಿತು. ಹೆಸರು ಬಂದ ಮೇಲೆ ನಕಲೂ ಬರಬೇಕಲ್ಲ! ನ್ಯೂರೆಂಬರ್ಗಿನ ದೊಡ್ಡ ಆಟಿಕೆ ಕಂಪೆನಿ ಬಿಂಗ್ ಅವರ ಗೊಂಬೆಗಳನ್ನು ಅನುಕರಿಸಿತು. ಕೇಟೆ ಸುಮ್ಮನಿರಲಿಲ್ಲ, ನ್ಯಾಯಾಲಯದ ಮೆಟ್ಟಿಲೇರಿದರು. 1925ರಲ್ಲಿ ಜರ್ಮನಿಯ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಆಟಿಕೆಯೂ ಕಲಾಕೃತಿಯಾಗಬಲ್ಲದು, ಅದನ್ನು ಮಾಡಿದವರಿಗೆ ಅದರ ಮೇಲೆ ಹಕ್ಕಿದೆ ಎಂದು ಆ ತೀರ್ಪು ಒಪ್ಪಿಕೊಂಡಿತು.

ಈ ಮನೆಯ ಕಥೆ ಇಲ್ಲಿಗೆ ಮುಗಿಯಲಿಲ್ಲ. ಎರಡನೆಯ ಮಹಾಯುದ್ಧದ ಹೊತ್ತಿಗೆ ಗೊಂಬೆಯ ತಲೆಗೆ ಬೇಕಾದ ಸಾಮಗ್ರಿಗೆ ತತ್ವಾರವಾಯಿತು. ಬದಲಿಗೆ ಬಳಸಿ ನೋಡಿ ಎಂದು ಕಣಕದಂಥ ಹೊಸ ಪ್ಲಾಸ್ಟಿಕ್ ವಸ್ತುವೊಂದು ಕೇಟೆಯ ಕೈಗೆ ಬಂತು. ಕಾರ್ಯಾಗಾರದ ಕೆಲಸಕ್ಕೆ ಅದು ಹೊಂದಲಿಲ್ಲ. ಅವರ ಮಗಳು ಸೋಫಿಗೆ ಮಾತ್ರ ಅದು ಹಿಡಿಸಿಬಿಟ್ಟಿತು. ನಾದಿ, ಬಣ್ಣ ಬೆರೆಸಿ, ಬಿಸಿ ಮಾಡಿ ಏನೇನೋ ಪ್ರಯೋಗ ಮಾಡಿದರು. ಸೋಫಿಗೆ ಮನೆಯವರು ಕರೆಯುತ್ತಿದ್ದ ಮುದ್ದಿನ ಹೆಸರು ಫಿಫಿ. ಯುದ್ಧ ಮುಗಿದ ಮೇಲೆ ಆ ಹೆಸರಿನಲ್ಲೇ ಅದನ್ನು ಮಾರಿದರು. 1964ರಲ್ಲಿ ಎಬರ್‌ಹಾರ್ಡ್ ಫೇಬರ್ ಕಂಪೆನಿ ಅದನ್ನು ಕೊಂಡುಕೊಂಡಿತು. ಈಗಲೂ ಕಲಾ ಸಾಮಗ್ರಿಗಳ ಅಂಗಡಿಯಲ್ಲಿ ಸಿಗುವ ಫಿಮೊ ಎಂಬ ಪಾಲಿಮರ್ ಕ್ಲೇ ಹುಟ್ಟಿದ್ದು ಹೀಗೆ. ಗೊಂಬೆಯ ತಲೆಗೆಂದು ಬಂದು, ಅಲ್ಲಿ ಸಲ್ಲದೆ ಹೊರಬಿದ್ದ ಮಣ್ಣು ಮುಂದೆ ಸಾವಿರಾರು ಹವ್ಯಾಸಿಗಳ ಕೈಯಲ್ಲಿ ಮತ್ತೆ ಗೊಂಬೆಯ ತಲೆಯೇ ಆಯಿತು.

ಸೈನಿಕನಿಗೊಂದು ಮುಖ

ಅದೇ 1964ರಲ್ಲಿ ಅಮೆರಿಕದಲ್ಲಿ ಇನ್ನೊಂದು ಘಟನೆ ನಡೆಯಿತು. ಹ್ಯಾಸ್‌ಬ್ರೊ ಕಂಪೆನಿ ಜಿ.ಐ. ಜೋ ಎಂಬ ಸೈನಿಕ ಗೊಂಬೆಯನ್ನು ಮಾರುಕಟ್ಟೆಗೆ ತಂದಿತು. ಉಪಾಯ ಕೊಟ್ಟವರು ಸ್ಟ್ಯಾನ್ ವೆಸ್ಟನ್, ಬೆನ್ನು ಹತ್ತಿ ಮಾಡಿಸಿದವರು ಕಂಪೆನಿಯ ಡಾನ್ ಲೆವಿನ್. ಎತ್ತರ ಹತ್ತಿರ ಹತ್ತಿರ 12 ಇಂಚು. ಗಂಡುಹುಡುಗರಿಗೆ ಗೊಂಬೆ ಎಂದರೆ ಅಪ್ಪಂದಿರು ಕೊಳ್ಳುವುದಿಲ್ಲ ಎಂಬ ಭಯ ಕಂಪೆನಿಗಿತ್ತು. ಹಾಗಾಗಿ ಗೊಂಬೆ ಎಂಬ ಮಾತನ್ನೇ ಬಿಟ್ಟು ಆ್ಯಕ್ಷನ್ ಫಿಗರ್ ಎಂಬ ಹೊಸ ಹೆಸರನ್ನು ಟಂಕಿಸಿದರು. ಹೆಸರು ಬದಲಾದೊಡನೆ ಲಜ್ಜೆ ಹೋಯಿತು, ವ್ಯಾಪಾರ ಕುದುರಿತು!

ಅದರ ತಲೆಯನ್ನು ತಿದ್ದಿದವರು ಫಿಲ್ ಕ್ರಾಚ್ಕೋವ್‌ಸ್ಕಿ ಎಂಬ ಶಿಲ್ಪಿ. ಶೌರ್ಯ ಪದಕ ಪಡೆದ 20 ಸೈನಿಕರ ಮುಖಗಳನ್ನು ಬೆರೆಸಿ ಈ ಮುಖ ಮಾಡಲಾಗಿದೆ ಎಂದು ಪ್ರಚಾರವಾಯಿತು. ಮನುಷ್ಯನ ಮೈಕಟ್ಟಿನ ಮೇಲೆ ಯಾರೂ ಹಕ್ಕು ಸಾಧಿಸಲಾಗದು. ಆದ್ದರಿಂದ ನಕಲು ಮಾಡುವವರನ್ನು ಹಿಡಿಯಲು ಬಲಗೆನ್ನೆಯ ಮೇಲೆ ಒಂದು ಗಾಯದ ಗುರುತು ಕೊರೆದರು. ಹೆಬ್ಬೆರಳಿನ ಉಗುರು ತಪ್ಪು ಬದಿಗೆ ಮೂಡಿತ್ತು. ಅದೂ ಇರಲಿ, ಕಳ್ಳನನ್ನು ಹಿಡಿಯಲು ಅನುಕೂಲವಾದೀತು ಎಂದು ಹಾಗೇ ಬಿಟ್ಟರು.

ಈಗ ನಾನು ಹೇಳಿದ ಪ್ರಶ್ನೆಗೆ ಬನ್ನಿ. 1965ರಲ್ಲಿ ಕಂಪೆನಿ ಕಪ್ಪು ಜನಾಂಗದ ಸೈನಿಕನನ್ನೂ ಹೊರತಂದಿತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ಅವನಿಗೆ ಬೇರೆ ಮುಖ ಸಿಗಲಿಲ್ಲ. ಬಿಳಿಯ ಸೈನಿಕನ ಅದೇ ಅಚ್ಚಿನ ತಲೆಗೆ ಕಂದು ಬಣ್ಣ ಬಂತು, ಅಷ್ಟೆ. ಮೂಗು ಅದೇ, ತುಟಿ ಅದೇ, ಕೆನ್ನೆಯ ಗಾಯವೂ ಅದೇ. ಮರುವರ್ಷ ವಿವಿಧ ದೇಶಗಳ ಸೈನಿಕರ ಸರಣಿ ಬಂದಾಗ ಜರ್ಮನ್, ರಷ್ಯನ್, ಫ್ರೆಂಚ್, ಬ್ರಿಟಿಷ್, ಆಸ್ಟ್ರೇಲಿಯನ್ ಐವರಿಗೂ ಸೇರಿ ಒಂದು ಹೊಸ ತಲೆ, ಜಪಾನಿನವನಿಗೆ ಪ್ರತ್ಯೇಕವಾಗಿ ಇನ್ನೊಂದು ತಲೆ ತಯಾರಾಯಿತು. ಅಂದರೆ ಹೊಸ ಅಚ್ಚು ಮಾಡುವುದು ಕಂಪೆನಿಗೆ ಅಸಾಧ್ಯವೇನೂ ಆಗಿರಲಿಲ್ಲ. ಅಚ್ಚಿಗೆ ಖರ್ಚಿದೆ, ಆ ಖರ್ಚನ್ನು ಯಾರ ಮುಖಕ್ಕೆ ಮಾಡಬೇಕೆಂದು ಲೆಕ್ಕ ಹಾಕುವವರು ಬೇರೆ ಇದ್ದರು. ತನ್ನ ಮನೆಯವರ ಮುಖದ ಸೈನಿಕನನ್ನು ಬಯಸಿದ ಕಪ್ಪು ಹುಡುಗನ ಕೈಗೆ ಸಿಕ್ಕಿದ್ದು ಬಣ್ಣ ಬಳಿದ ಬಿಳಿಯನೇ.

ಒಂದೇ ಮೈ, ಹತ್ತಾರು ತಲೆ

ತಲೆ ಬದಲಿಸಿದರೆ ಹೊಸ ಗೊಂಬೆ ಎಂಬುದನ್ನು ಕಂಪೆನಿಗಳು ಬೇಗ ಕಲಿತವು. 1966ರಲ್ಲಿ ಐಡಿಯಲ್ ಕಂಪೆನಿ ಕ್ಯಾಪ್ಟನ್ ಆ್ಯಕ್ಷನ್ ಎಂಬ ಗೊಂಬೆ ತಂದಿತು. ಮುಖವಾಡ ತೊಡಿಸಿದರೆ ಅವನೇ ಸೂಪರ್‌ಮ್ಯಾನ್, ಇನ್ನೊಂದು ತೊಡಿಸಿದರೆ ಬ್ಯಾಟ್‌ಮ್ಯಾನ್. 1970ರ ದಶಕದಲ್ಲಿ ಮೆಗೊ ಕಂಪೆನಿ ಇದನ್ನೇ ವ್ಯಾಪಾರದ ಸೂತ್ರ ಮಾಡಿಕೊಂಡಿತು. 8 ಇಂಚಿನ ಒಂದೇ ಮಾದರಿಯ ಮೈಯನ್ನು ರಾಶಿ ರಾಶಿ ತಯಾರಿಸಿತು. ತಲೆ ಮತ್ತು ಬಟ್ಟೆ ಮಾತ್ರ ಬೇರೆ ಬೇರೆ. 1972ರಿಂದ ಸೂಪರ್ ಹೀರೋಗಳು, 1974ರಲ್ಲಿ ಸ್ಟಾರ್ ಟ್ರೆಕ್‌ನವರು, ಎಲ್ಲರೂ ಇದೇ ದಾರಿಯಲ್ಲಿ ಬಂದರು. ಬಟ್ಟೆ ಬಿಚ್ಚಿ ಸಾಲಾಗಿ ನಿಲ್ಲಿಸಿದರೆ ಕತ್ತಿನ ಕೆಳಗೆ ಎಲ್ಲರೂ ಒಡಹುಟ್ಟಿದವರು!

ಇದನ್ನು ಓದುವಾಗ ನಿಮಗೆ ಗಿರೀಶ ಕಾರ್ನಾಡರ ‘ಹಯವದನ’ ನೆನಪಾದರೆ ಆಶ್ಚರ್ಯವಿಲ್ಲ. 1971ರ ಆ ನಾಟಕದಲ್ಲಿ ದೇವದತ್ತ, ಕಪಿಲ ಇಬ್ಬರ ತಲೆಗಳೂ ಅದಲುಬದಲಾಗುತ್ತವೆ. ಪದ್ಮಿನಿಯ ಗಂಡ ಯಾರು, ತಲೆಯವನೋ ಮೈಯವನೋ? ತಲೆಯೇ ಪ್ರಧಾನ, ಆದ್ದರಿಂದ ದೇವದತ್ತನ ತಲೆಯಿರುವವನೇ ದೇವದತ್ತ ಎಂದು ಋಷಿ ತೀರ್ಮಾನ ಕೊಡುತ್ತಾನೆ. ಕಥಾಸರಿತ್ಸಾಗರದ ಈ ಹಳೆಯ ಕಥೆಯನ್ನು ಕಾರ್ನಾಡರಿಗಿಂತ ಮೊದಲು, 1940ರಲ್ಲಿ, ಜರ್ಮನ್ ಲೇಖಕ ಥಾಮಸ್ ಮನ್ ಕಾದಂಬರಿ ಮಾಡಿದ್ದರು. ಋಷಿ ಕೊಟ್ಟ ತೀರ್ಪನ್ನೇ ಮೆಗೊ ಕಂಪೆನಿ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡಿತು ಎನ್ನಬಹುದು. ತಲೆ ಯಾರದೋ ಗೊಂಬೆಯೂ ಅವನೇ.

ಮುಂಬೈ, ಚೆನ್ನೈ ಹುಡುಗರ ಸ್ಕ್ರೂಡ್ರೈವರ್

1977ರಲ್ಲಿ ‘ಸ್ಟಾರ್ ವಾರ್ಸ್’ ಸಿನಿಮಾ ಬಂದಾಗ ಕೆನರ್ ಕಂಪೆನಿಯ ಗೊಂಬೆಗಳು ಸಿದ್ಧವಾಗಿರಲಿಲ್ಲ. ಆ ಕ್ರಿಸ್‌ಮಸ್‌ಗೆ ಗೊಂಬೆಯ ಬದಲು ಒಂದು ರಸೀದಿಯಂಥ ಚೀಟಿ ಮಾರಿದರು. ಗೊಂಬೆ ಕೈ ಸೇರಿದ್ದು 1978ರಲ್ಲಿ. ಎತ್ತರ ಕೇವಲ ಮೂರೂಮುಕ್ಕಾಲು ಇಂಚು. ತಲೆ ಅವರೆಕಾಳಿಗಿಂತ ಸ್ವಲ್ಪ ದೊಡ್ಡದು. 1982ರಲ್ಲಿ ಜಿ.ಐ. ಜೋ ಕೂಡ ಇದೇ ಗಾತ್ರದಲ್ಲಿ ಮರುಹುಟ್ಟು ಪಡೆಯಿತು. ಮೊದಲ ವರ್ಷದ ಹಲವು ಪಾತ್ರಗಳಿಗೆ ಒಂದೇ ತಲೆಯ ಅಚ್ಚು ಬಳಸಿ ಕೂದಲಿನ ಬಣ್ಣ ಬದಲಾಯಿಸಿದ್ದರು.

ಈ ಗೊಂಬೆ ನಮ್ಮ ದೇಶಕ್ಕೂ ಬಂತು. ಎಂ.ಆರ್.ಎಫ್. ಸಮೂಹ ಮತ್ತು ಹ್ಯಾಸ್‌ಬ್ರೊ ಜಂಟಿಯಾಗಿ 1987ರಲ್ಲಿ ಸ್ಥಾಪಿಸಿದ ಫನ್‌ಸ್ಕೂಲ್ ಕಂಪೆನಿ ಇಲ್ಲೇ ಜಿ.ಐ. ಜೋ ತಯಾರಿಸಿತು. ಒಂದರ ತಲೆ, ಇನ್ನೊಂದರ ಮೈ, ಎಲ್ಲೂ ಇಲ್ಲದ ಬಣ್ಣ, ಹೀಗೆ ಬೆರೆತ ಭಾರತೀಯ ಜೋಗಳನ್ನು ವಿದೇಶದ ಸಂಗ್ರಾಹಕರು ಹುಡುಕಿಕೊಂಡು ಕೊಳ್ಳುವಂತಾಯಿತು.

ನೀವು 1990ರ ದಶಕದಲ್ಲಿ ಬೆಳೆದವರಾದರೆ ಆ ಗೊಂಬೆಯ ಬೆನ್ನಲ್ಲಿದ್ದ ಪುಟ್ಟ ಸ್ಕ್ರೂ ನಿಮಗೆ ಗೊತ್ತಿರಬೇಕು. ಅಪ್ಪನ ಸ್ಕ್ರೂಡ್ರೈವರ್ ತಂದು ಅದನ್ನು ತಿರುಗಿಸಿದರೆ ಎದೆ ಎರಡು ಹೋಳಾಗಿ ತೆರೆದುಕೊಳ್ಳುತ್ತಿತ್ತು, ಒಳಗೊಂದು ಕರಿಯ ರಬ್ಬರ್ ಬಳೆ, ಮೇಲಿಂದ ತಲೆ ಕೈಗೆ ಬರುತ್ತಿತ್ತು. ಇವನ ತಲೆ ಅವನಿಗೆ, ಅವನ ತಲೆ ಇವನಿಗೆ! ಯಾರೂ ಹೇಳಿಕೊಡದೆ ಮಾಡಿದ ಆ ಕಿತಾಪತಿಯೇ ಈ ಕಲೆಯ ಮೊದಲ ಪಾಠ. ಎರಡನೆಯ ಪಾಠ ಎಂದರೆ ಪೆಟ್ಟಿಗೆಯಲ್ಲಿ ಇಲ್ಲದ ತಲೆಯನ್ನು ತಾನೇ ಮಾಡುವುದು.

ಅಡುಗೆಮನೆಯ ಶಿಲ್ಪಶಾಲೆ

ಎರಡನೆಯ ಪಾಠಕ್ಕೆ ಬೇಕಾದ ಮಣ್ಣು ಬಹಳ ಹಿಂದೆಯೇ ಸಿದ್ಧವಾಗಿತ್ತು. 1897ರಲ್ಲಿ ಇಂಗ್ಲೆಂಡಿನ ಬಾತ್ ನಗರದ ಬಳಿ ವಿಲಿಯಂ ಹಾರ್ಬಟ್ ಎಂಬ ಕಲಾಶಿಕ್ಷಕರು ಪ್ಲಾಸ್ಟಿಸೀನ್ ಕಂಡುಹಿಡಿದರು. ಎಣ್ಣೆಯ ಜಿಡ್ಡಿರುವ ಆ ಮಣ್ಣು ಒಣಗುವುದೇ ಇಲ್ಲ. ತಿದ್ದಲು ಒಳ್ಳೆಯದು, ಉಳಿಸಿಕೊಳ್ಳಲಾಗದು. ಕುಂಬಾರನ ಜೇಡಿಮಣ್ಣಿಗೆ ಆವಿಗೆ ಬೇಕು. ಪಾಲಿಮರ್ ಕ್ಲೇ ಬಂದು ಎರಡರ ತೊಡಕನ್ನೂ ಬಿಡಿಸಿತು. ಹೆಸರಿಗೆ ಮಣ್ಣು, ನಿಜದಲ್ಲಿ ಅದು ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಸಣ್ಣ ಕಣಗಳು ಮತ್ತು ಮೆದುಕಾರಕ ದ್ರವದ ಮಿಶ್ರಣ. ಎಷ್ಟು ಹೊತ್ತು ತಿದ್ದಿದರೂ ಒಣಗುವುದಿಲ್ಲ. ಮನೆಯ ಓವನ್ನಿನ ಸಾಧಾರಣ ಬಿಸಿಗೆ ಕಣಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಅಮೆರಿಕದಲ್ಲಿ 1960ರ ದಶಕದಲ್ಲಿ ಬಂದ ಸ್ಕಲ್ಪಿ ಇದೇ ಜಾತಿಯದು. ಅದರ ಸೋದರಿ ಸೂಪರ್ ಸ್ಕಲ್ಪಿ ತಲೆ ತಿದ್ದುವವರ ಅಚ್ಚುಮೆಚ್ಚು.

ನೀವೂ ಕೈಯಾಡಿಸಬೇಕೆಂದಿದ್ದರೆ ಮೊದಲು ಲೆಕ್ಕ ಕೇಳಿ. 12 ಇಂಚಿನ ಗೊಂಬೆ ಎಂದರೆ ಆರಡಿ ಮನುಷ್ಯನ ಆರನೆಯ ಒಂದು ಭಾಗ. ಗಲ್ಲದಿಂದ ನೆತ್ತಿಯವರೆಗೆ ಮನುಷ್ಯನ ತಲೆ ಸುಮಾರು 9 ಇಂಚು, ಗೊಂಬೆಯದು ಒಂದೂವರೆ ಇಂಚು. ನಿಂಬೆಹಣ್ಣಿನಷ್ಟು ಜಾಗ! ಮೂಗಿನ ತುದಿ ಅರ್ಧ ಮಿಲಿಮೀಟರ್ ಆಚೀಚೆ ಆಯಿತೆಂದರೆ ನಿಜವಾದ ಮುಖದಲ್ಲಿ ಮೂರು ಮಿಲಿಮೀಟರ್ ಸರಿದಂತೆ. ಆಗ ಅಣ್ಣನ ಮುಖ ಹೋಗಿ ಪಕ್ಕದ ಮನೆಯವರ ಮುಖ ಬಂದಿರುತ್ತದೆ.

ಒಳಗೆ ಅಲ್ಯುಮಿನಿಯಂ ಹಾಳೆಯ ಬಿಗಿ ಉಂಡೆ, ಅದಕ್ಕೆ ಹಿಡಿಯಲು ತಂತಿಯ ಕಾಲು, ಮೇಲೆ ಮಣ್ಣಿನ ಹೊದಿಕೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ, ಕಣ್ಣನ್ನು ಹಣೆಯ ಹತ್ತಿರ ಇಡುವುದು. ಕನ್ನಡಿ ನೋಡಿಕೊಳ್ಳಿ, ಕಣ್ಣಿರುವುದು ತಲೆಯ ನಟ್ಟನಡುವೆ. ಎರಡು ಕಣ್ಣುಗಳ ನಡುವೆ ಇನ್ನೊಂದು ಕಣ್ಣಿನಷ್ಟು ಜಾಗ ಇರುತ್ತದೆ. ಅನುಭವಿಗಳು ಕಣ್ಣುಗುಡ್ಡೆಗಳನ್ನು ಮೊದಲೇ ಮಾಡಿ ಸುಟ್ಟುಕೊಳ್ಳುತ್ತಾರೆ. ಆಮೇಲೆ ರೆಪ್ಪೆ ಕೂರಿಸುವಾಗ ಅವು ನಜ್ಜುಗುಜ್ಜಾಗುವುದಿಲ್ಲ. ಸುಟ್ಟ ಮೇಲೂ ಹಸಿ ಮಣ್ಣು ಸೇರಿಸಿ ಮತ್ತೆ ಸುಡಬಹುದೆಂಬುದು ಈ ಮಣ್ಣಿನ ದೊಡ್ಡ ಗುಣ. ಉಪಕರಣ? ಸೂಜಿ, ಹಲ್ಲುಕಡ್ಡಿ, ಹಳೆಯ ಬ್ರಷ್ಷು ಸಾಕು.

ಸೂಪರ್ ಸ್ಕಲ್ಪಿಗೆ 135 ಡಿಗ್ರಿ ಸೆಲ್ಸಿಯಸ್ ಬಿಸಿ, ಪ್ರತಿ 6 ಮಿ.ಮೀ. ದಪ್ಪಕ್ಕೆ 15 ನಿಮಿಷ. ಬೇರೆ ಮಣ್ಣಾದರೆ ಅದರ ಪೊಟ್ಟಣದ ಮೇಲಿನ ಸೂಚನೆ ಪಾಲಿಸಿ. ಬಿಸಿ ಹೆಚ್ಚಾಗಿ ಸೀದರೆ ವಿಷದ ಹೊಗೆ ಬರುತ್ತದೆ. ಕಿಟಕಿ ತೆರೆದಿರಲಿ. ಸುಡಲು ಬಳಸಿದ ತಟ್ಟೆಯಲ್ಲಿ ಮತ್ತೆ ಅಡುಗೆ ಬೇಡ. ಗಟ್ಟಿಯಾದ ತಲೆಗೆ ತೆಳುವಾಗಿ ಪದರ ಪದರವಾಗಿ ಬಣ್ಣ ಕೊಡಬೇಕು. ಅದರದೇ ಪ್ರತಿಗಳು ಬೇಕಾದರೆ ಸಿಲಿಕೋನ್ ಅಚ್ಚು ಮಾಡಿ ರೆಸಿನ್ ಎರಕ ಹೊಯ್ಯಬಹುದು.

ಮುಖ ಯಾರ ಸ್ವತ್ತು?

1990ರ ದಶಕದಲ್ಲಿ 12 ಇಂಚಿನ ಜಿ.ಐ. ಜೋ ಮರಳಿ ಬಂದ ಮೇಲೆ, 1999ರಲ್ಲಿ ಹಾಂಗ್‌ಕಾಂಗಿನ ಡ್ರ್ಯಾಗನ್ ಕಂಪೆನಿ ಇದೇ ಗಾತ್ರದ ಸೈನಿಕರನ್ನು ತಂದ ಮೇಲೆ, ದೊಡ್ಡವರ ಹವ್ಯಾಸಕ್ಕೆ ರೆಕ್ಕೆ ಬಂತು. ಸಮವಸ್ತ್ರ, ಬೂಟು, ಬಂದೂಕು ಎಲ್ಲ ಚೊಕ್ಕವಾಗಿ ಸಿಗುತ್ತಿತ್ತು. ಬೇಕಾದ ಮುಖ ಸಿಗುತ್ತಿರಲಿಲ್ಲ. ಯುದ್ಧಕ್ಕೆ ಹೋಗಿದ್ದ ಅಜ್ಜನೋ, ಇಷ್ಟದ ನಟನೋ ಬೇಕೆಂದರೆ ತಾವೇ ತಿದ್ದಬೇಕು. ಆ ಹಸಿವನ್ನು ಕಂಪೆನಿಗಳೂ ಅರಿತವು. 2000ದಲ್ಲಿ ಹಾಂಗ್‌ಕಾಂಗಿನಲ್ಲಿ ಹಾವರ್ಡ್ ಚಾನ್ ಶುರುಮಾಡಿದ ಹಾಟ್ ಟಾಯ್ಸ್, ನಟರ ಮುಖಗಳನ್ನು ಚರ್ಮದ ರಂಧ್ರಗಳ ಸಮೇತ ಮೂಡಿಸಿ ಹೆಸರು ಮಾಡಿತು.

ಇಷ್ಟದ ಮುಖ ಮಾಡಿ ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳುವುದು ಬೇರೆ, ಮಾರುವುದು ಬೇರೆ. ಗಾಯಕ ದಲೇರ್ ಮೆಹಂದಿಯನ್ನು ಹೋಲುವ, ಅವರ ಹಾಡು ಹಾಡುವ ಗೊಂಬೆಗಳು ಅಂಗಡಿಯಲ್ಲಿ ಮಾರಾಟವಾದಾಗ ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು. 2010ರಲ್ಲಿ ನ್ಯಾಯಾಲಯ ಗಾಯಕರ ಹಕ್ಕನ್ನು ಎತ್ತಿಹಿಡಿಯಿತು. 1925ರಲ್ಲಿ ಮುಖ ತಿದ್ದಿದವರಿಗೆ ಹಕ್ಕು ಸಿಕ್ಕಿತ್ತು. ಇಲ್ಲಿ ಮುಖ ಹೊತ್ತವರಿಗೆ ಸಿಕ್ಕಿತು.

ಈಗ ಕಂಪ್ಯೂಟರಿನಲ್ಲೇ ತಲೆ ತಿದ್ದಿ ತ್ರೀಡಿ ಮುದ್ರಣ ಮಾಡುವವರು ಹೆಚ್ಚಾಗಿದ್ದಾರೆ. 2022ರಲ್ಲಿ ಹ್ಯಾಸ್‌ಬ್ರೊ ಕಂಪೆನಿಯೇ, ಗಿರಾಕಿ ಫೋನಿನಲ್ಲಿ ತನ್ನ ಮುಖವನ್ನು ಸ್ಕ್ಯಾನ್ ಮಾಡಿ ಕಳಿಸಿದರೆ 6 ಇಂಚಿನ ಗೊಂಬೆಗೆ ಅದೇ ತಲೆ ಮುದ್ರಿಸಿ ಕೂರಿಸಿಕೊಡುವ ಯೋಜನೆ ಶುರುಮಾಡಿತು. 1965ರಲ್ಲಿ ಒಂದು ಜನಾಂಗಕ್ಕೇ ಬೇರೆ ಮುಖ ಕೊಡದ ಕಂಪೆನಿ 57 ವರ್ಷಗಳ ನಂತರ ಒಬ್ಬೊಬ್ಬರಿಗೂ ಒಂದೊಂದು ಮುಖ ಮಾರಲು ಹೊರಟಿತು! ದಾರಿ ತೋರಿಸಿದವರು ಯಾರು? ಅಚ್ಚಿಗೆ ಕಾಯದೆ ಅಡುಗೆಮನೆಯಲ್ಲಿ ಮಣ್ಣು ನಾದಿದವರು.

ಹಾಗಾದರೆ ಕೈಯಲ್ಲಿ ತಿದ್ದುವವರಿಗೆ ಕೆಲಸ ಮುಗಿಯಿತೇ? ನನಗೆ ಹಾಗೆ ಅನಿಸುವುದಿಲ್ಲ. ಫೋನಿಗೆ ಎದುರಿಗಿರುವವರ ಮುಖ ಮಾತ್ರ ಗೊತ್ತು. ಮಸುಕಾದ ಒಂದೇ ಒಂದು ಕಪ್ಪುಬಿಳುಪು ಫೋಟೋದಲ್ಲಿ ಉಳಿದಿರುವ ಅಜ್ಜಿಯ ಮುಖವನ್ನು ಬಲ್ಲವರು ಅವರ ಕೈತುತ್ತು ತಿಂದವರು. ನಕ್ಕಾಗ ಎಡಗೆನ್ನೆ ಮೊದಲು ಏಳುತ್ತಿತ್ತು ಎಂಬುದು ಯಾವ ಯಂತ್ರದ ನೆನಪಿನಲ್ಲೂ ಇಲ್ಲ, ನಿಮ್ಮ ಬೆರಳಿನ ನೆನಪಿನಲ್ಲಿ ಇದ್ದೀತು.

ಮುಂದಿನ ಸಲ ಆಟಿಕೆ ಅಂಗಡಿಗೆ ಹೋದಾಗ ಆ ಸಾಲಿನ ಮುಂದೆ ಒಂದು ನಿಮಿಷ ನಿಲ್ಲಿ. ‘ಮಯೂರ’ನ ವೇಷದ ನಮ್ಮ ರಾಜಕುಮಾರ್ ಅಲ್ಲಿದ್ದಾರೆಯೇ ನೋಡಿ. ನಿಮ್ಮ ಊರಿನ, ನಿಮ್ಮ ಮನೆಯ ಯಾರದಾದರೂ ಮುಖ ಇದೆಯೇ ಹುಡುಕಿ. ಇಲ್ಲದಿದ್ದರೆ ಬೇಸರ ಬೇಡ. ಮೈಯೊಂದನ್ನು ಕೊಂಡು ತನ್ನಿ. ಮುಖ ನೀವೇ ಮಾಡಿಕೊಳ್ಳಿ. ಮೊದಲ ಸಲ ಅದು ಆಲೂಗಡ್ಡೆಯಂತೆ ಕಂಡರೂ ಚಿಂತೆಯಿಲ್ಲ, ಇಷ್ಟೆಲ್ಲ ಶುರುವಾದದ್ದೇ ಒಂದು ಆಲೂಗಡ್ಡೆಯಿಂದ.